ಶುಕ್ರವಾರದ ಜನರೇಟರು

ಆಟೋ ಹತ್ತಿ ಕೂತ ಮೇಲೂ ಅಕ್ಕ ಮತ್ತೆ ಮತ್ತೆ ಇಳಿದಳು. ಒಂದು ಸಲ ಹ್ಯಾಚರ್ ಬಾಗಿಲು ಸರಿಯಾಗಿ ಕಚ್ಚಿಕೊಂಡಿದೆಯೋ ಇಲ್ಲವೋ ನೋಡಲು, ಇನ್ನೊಂದು ಸಲ ನೀರಿನ ತಟ್ಟೆಯ ನೆನಪಾಗಿ. ಕೊನೆಯ ಸಲ ಯಾಕೆ ಇಳಿದೆ ಎನ್ನುವುದೇ ಮರೆತುಹೋಗಿ, ಗೇಟಿನಲ್ಲಿ ನಿಂತಿದ್ದ ತಮ್ಮನನ್ನು ಮೇಲಿಂದ ಕೆಳಗೆ ನೋಡಿ, "ಅಂಗಿ ಗುಂಡಿ ಹಾಕ್ಕೊಳೋ" ಅಂದಳು.

"ಹಾಕ್ಕೋತೀನಿ. ನೀನು ಹೋಗಕ್ಕಾ, ಡಾಕ್ಟ್ರು ಕಾಯ್ತಿರ್ತಾರೆ. ನಾನಿದ್ದೀನಲ್ಲ."

"ನೀನಿದ್ದೀಯ. ಅದೇ ನನ್ನ ಯೋಚನೆ."

ಆಟೋ ತಿರುವಿನಲ್ಲಿ ಮರೆಯಾಗುವವರೆಗೂ, "ಎಲ್ಲಾ ಮರೀನೂ ಹೊರಗೆ ಬರೋವರೆಗೂ ಹ್ಯಾಚರ್ ಬಾಗಿಲು ಮುಟ್ಬೇಡ" ಎನ್ನುತ್ತ ಅವಳ ತೋರುಬೆರಳು ಹೊರಗೇ ಇತ್ತು.

ತಮ್ಮ ಅಂದರೆ ಚಿಕ್ಕ ಹುಡುಗನೇನೂ ಅಲ್ಲ ಮತ್ತೆ. ಕಿವಿಯ ಪಕ್ಕ ಕೂದಲು ಬೆಳ್ಳಗಾಗಿ, ಓದುವುದಕ್ಕೆ ಕನ್ನಡಕ ಬಂದು, ಮಗಳ ಮದುವೆಯನ್ನೂ ಮಾಡಿ ಮುಗಿಸಿದ ಗಂಡಸು. ಆದರೆ ಅಕ್ಕ ಕರೆಯುವುದನ್ನು ಕೇಳಿ ಕೇಳಿ ಕೆಲಸದವರು, ಮೊಟ್ಟೆ ತರುವ ಲಾರಿಯವರು, ಪಕ್ಕದ ಪ್ರಿಂಟಿಂಗ್ ಪ್ರೆಸ್ಸಿನವರು, ಕಡೆಗೆ ಅವನಿಗಿಂತ ಚಿಕ್ಕವರೂ ಅವನನ್ನು ತಮ್ಮ ಎಂದೇ ಕರೆಯುತ್ತಿದ್ದರು. ಜನರೇಟರ್ ಮೆಕ್ಯಾನಿಕ್ ಒಬ್ಬ ಮಾತ್ರ ಸ್ವಲ್ಪ ಮರ್ಯಾದೆ ಬೆರೆಸಿ 'ತಮ್ಮ ಸಾರ್' ಅನ್ನುತ್ತಿದ್ದ. ಅದು ಇನ್ನೂ ಕೆಟ್ಟದಾಗಿ ಕೇಳಿಸುತ್ತಿತ್ತು. ತಾಯಿ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ, ಬೆಳೆದದ್ದೆಲ್ಲ ಅಕ್ಕನ ಸೊಂಟದ ಮೇಲೇ. ಸೊಂಟದಿಂದ ಇಳಿಸಿದ್ದೇನೋ ಆಯಿತು, ಕೈಯನ್ನು ಅವಳು ಇವತ್ತಿಗೂ ಬಿಟ್ಟಿರಲಿಲ್ಲ.

ಹ್ಯಾಚರಿ ಅಕ್ಕನದು. ಒಂದು ಮರದ ಪೆಟ್ಟಿಗೆ, ಅದರೊಳಗೊಂದು ಬಲ್ಬು ಇಟ್ಟುಕೊಂಡು ಮರಿ ಮಾಡಲು ಶುರು ಮಾಡಿದವಳು, ಈಗ ಬೀರುವಿನಂಥ ಸೆಟ್ಟರುಗಳನ್ನು ಸಾಲಾಗಿ ನಿಲ್ಲಿಸಿದ್ದಳು. ಕೋಳಿಮೊಟ್ಟೆ ಅವುಗಳಲ್ಲಿ ಕಾವು ಪಡೆದು, ಕೊನೆಯ ಮೂರು ದಿನ ಹ್ಯಾಚರ್ ಎಂಬ ಬೇರೆ ಪೆಟ್ಟಿಗೆಗೆ ಬರುತ್ತದೆ; ಮರಿ ಚಿಪ್ಪೊಡೆಯುವುದು ಅಲ್ಲಿ. ಇವತ್ತು ಒಡೆಯುವ ದಿನ. ಇಂಥ ದಿನ ಅಕ್ಕ ಶೆಡ್ಡು ಬಿಟ್ಟು ಕದಲುವವಳೇ ಅಲ್ಲ. ಆದರೆ ಕಣ್ಣಿನ ಪೊರೆ ತೆಗೆಸುವುದನ್ನು ಮರಿಗಳ ನೆಪ ಹೇಳಿ ಮುಂದೂಡುತ್ತಲೇ ಬಂದಿದ್ದಳು; ಕಡೆಗೆ 'ಇನ್ನೊಂದು ಸಲ ತಪ್ಪಿಸಿಕೊಂಡರೆ ನನ್ನ ಹತ್ತಿರ ಬರಲೇಬೇಡಿ' ಎಂದು ಡಾಕ್ಟರು ರೇಗಿದ್ದರು.

ಹಿಂದಿನ ದಿನ ಊಟಕ್ಕೆ ಕೂತಾಗ ಅಕ್ಕ ತಟ್ಟೆ ನೋಡಿಕೊಂಡೇ ಹೇಳಿದ್ದಳು. "ಈ ಸಲದ ಮರೀನ ನೀನೊಬ್ಬನೇ ಇಳಿಸಿದ್ರೆ, ಇನ್ಮೇಲೆ ಶೆಡ್ಡು ನೀನೇ ನೋಡ್ಕೋ. ಆಗಲ್ಲ ಅಂದ್ರೆ ಆ ಮ್ಯಾನೇಜರ್‌ನ ಬರೋಕೆ ಹೇಳ್ತೀನಿ. ನನ್ನ ಕಣ್ಣು ನಂಬ್ಕೊಂಡು ಎಷ್ಟು ದಿನ ಅಂತ ನಡೆಯುತ್ತೆ?"

ಸಂಬಳಕ್ಕೆ ಬರಲು ಒಪ್ಪಿದ್ದ ಆ ಮ್ಯಾನೇಜರು ಆಗಲೇ ಒಮ್ಮೆ ಬಂದು ಶೆಡ್ಡು ನೋಡಿಕೊಂಡು ಹೋಗಿದ್ದ. ತಮ್ಮನನ್ನು ಆಳೆಂದುಕೊಂಡು ಕುಡಿಯಲು ನೀರು ಕೇಳಿದ್ದ. ತಮ್ಮ ತಂದೂ ಕೊಟ್ಟಿದ್ದ. ಆ ಲೋಟ ನೆನಪಾದಾಗಲೆಲ್ಲ ಅವನಿಗೆ ಈಗಲೂ ಕಿವಿ ಬಿಸಿಯಾಗುತ್ತಿತ್ತು.

ಆಟೋ ಹೋದದ್ದೇ ತಡ, ತಮ್ಮ ಕಾಲು ಸುಟ್ಟ ಬೆಕ್ಕಿನ ಹಾಗೆ ಶೆಡ್ಡಿನ ತುಂಬ ಓಡಾಡತೊಡಗಿದ. ಹ್ಯಾಚರ್‌ನ ಗಾಜಿಗೆ ಮುಖ ಒತ್ತಿ ನೋಡುವುದು, ಥರ್ಮಾಮೀಟರ್ ನೋಡುವುದು, ಗೇಟಿಗೆ ಹೋಗುವುದು, ಮತ್ತೆ ಗಾಜು. ಮರಿ ವಿಂಗಡಿಸುವ ಹೆಂಗಸು ಮೂಲೆಯಲ್ಲಿ ಡಬ್ಬಗಳಿಗೆ ಕಾಗದ ಹಾಸುತ್ತ ಕೂತಿದ್ದಳು. ಅವಳು ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳಿಸುತ್ತಿದ್ದುದರಿಂದ ಅವಳಿಗೆ ಗಂಟಲಮ್ಮ ಎಂದೇ ಹೆಸರು.

"ಹೆರಿಗೆ ವಾರ್ಡ್ ಮುಂದೆ ಗಂಡ ಓಡಾಡ್ದಂಗೆ ಓಡಾಡ್ತೀಯಲ್ಲೋ ತಮ್ಮಾ! ಕೂತ್ಕೊಳೋ, ನನಗೆ ತಲೆ ತಿರುಗ್ತಿದೆ."

"ಕೂತ್ರೆ ನನಗೆ ತಿರುಗುತ್ತೆ."

ಅವನಿಗೆ ಸ್ವಲ್ಪ ಸಮಾಧಾನ ಕೊಡುತ್ತಿದ್ದುದು ಹಿತ್ತಲಿನ ತಗಡಿನ ಚಪ್ಪರದ ಕೆಳಗಿದ್ದ ಜನರೇಟರು. ಇಡೀ ಹ್ಯಾಚರಿಯಲ್ಲಿ ಅಕ್ಕ ಕೈ ಹಾಕದ ವಸ್ತು ಅದೊಂದೇ. ತಮ್ಮನೇ ಹಟ ಹಿಡಿದು ತರಿಸಿದ್ದ. ಪ್ರತಿ ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು ಅದರ ಧೂಳು ಒರೆಸಿ, ಎಣ್ಣೆ ನೋಡಿ, ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸುತ್ತಿದ್ದ. ಕೀಲಿ ತಿರುಗಿಸಿದ್ದೇ ತಡ, ಒಂದೇ ಏಟಿಗೆ ಗುಡುಗಿಕೊಂಡು ಏಳುತ್ತಿತ್ತು. ಹೊಗೆ ಕೊಳವೆಯ ಸಂದಿನಲ್ಲಿ ಇತ್ತೀಚೆಗೆ ಕಪ್ಪು ಜಿಡ್ಡು ಇಣುಕುತ್ತಿತ್ತು. ಪಾಪ, ಬೆವರುತ್ತೆ ಎಂದುಕೊಂಡು ತಮ್ಮ ಅದನ್ನೂ ಬಟ್ಟೆಯಿಂದ ಒರೆಸಿ ಥಳಥಳ ಇಡುತ್ತಿದ್ದ. ಪ್ರೆಸ್ಸಿನವರು ಬೇಲಿಯಾಚೆಯಿಂದ, "ಏನ್ರೀ, ಹೊಸ ಹೆಂಡ್ತೀನ ನೋಡ್ಕೊಂಡಂಗೆ ನೋಡ್ಕೋತೀರ" ಎಂದು ಕಾಲೆಳೆದರೆ ಅವನಿಗೆ ಒಳಗೊಳಗೇ ಖುಷಿ.

ಒಂದು ಕೆಲಸ ಮಾತ್ರ ಯಾವ ಶುಕ್ರವಾರವೂ ಆಗಿರಲಿಲ್ಲ. ಮೇನ್ ಲೈನಿನಿಂದ ಹಿಡಿ ತಿರುವಿ, ಶೆಡ್ಡಿನ ಯಂತ್ರಗಳ ಹೊರೆಯನ್ನು ಜನರೇಟರ್ ಮೇಲೆ ಹಾಕಿ ನೋಡುವುದು. ಹಾಕಬೇಕಾದರೆ ಕರೆಂಟು ಒಂದು ಗಳಿಗೆ ಕಡಿಯುತ್ತದೆ. ಮೊದಲ ವಾರ ತಮ್ಮ ಹಿಡಿಯ ಮೇಲೆ ಕೈ ಇಟ್ಟಾಗ ಅಕ್ಕ ಒಳಗಿನಿಂದಲೇ, "ನನ್ನ ಮೊಟ್ಟೆಗಳ ಮೇಲೆ ಪ್ರಯೋಗ ಮಾಡಿದ್ರೆ ಕೈ ಮುರಿದು ಕೈಗೆ ಕೊಡ್ತೀನಿ" ಎಂದಿದ್ದಳು. ಅಲ್ಲಿಗೆ ಮುಗಿಯಿತು. ಆ ಬೀದಿಯಲ್ಲಿ ಕರೆಂಟು ಹೋದರೂ ಚಹಾ ಆರುವುದರೊಳಗೆ ಬಂದುಬಿಡುತ್ತಿತ್ತು. ಅಷ್ಟು ಹೊತ್ತಿಗೆ ಫ್ಯಾನುಗಳನ್ನು ತಿರುಗಿಸಲು ಬ್ಯಾಟರಿ ಇತ್ತು. ಜನರೇಟರು ವಾರ ವಾರ ಗುಡುಗಿ, ಏನೂ ಹೊರದೆ ಮಲಗುತ್ತಿತ್ತು.

ಅವತ್ತು ಬಿಸಿಲು ನೆತ್ತಿಗೇರುವ ಹೊತ್ತಿಗೆ ಕರೆಂಟು ಹೋಯಿತು.

ಪ್ರೆಸ್ಸಿನ ಟಕಟಕ ನಿಂತಿತು. ಬೀದಿ ಇದ್ದಕ್ಕಿದ್ದಂತೆ ಕಿವುಡಾಯಿತು. ಬ್ಯಾಟರಿಯ ಮೇಲೆ ಹ್ಯಾಚರ್ ಫ್ಯಾನು ಸಣ್ಣಗೆ ತಿರುಗುತ್ತಿತ್ತು. ಬೇಲಿಯಾಚೆಯಿಂದ ಪ್ರೆಸ್ಸಿನವರು ಕೂಗಿದರು: "ಕರೆಂಟಿನ ದೊಡ್ಡ ಸ್ಟೇಷನ್ನಲ್ಲೇ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಿದೆಯಂತೆ ರೀ! ಇವತ್ತು ಬರೋದು ಅನುಮಾನ."

ತಮ್ಮನಿಗೆ ಎದೆ ಧಸಕ್ಕೆಂದರೂ, ನಿಜ ಹೇಳಬೇಕೆಂದರೆ, ಅದರ ಕೆಳಗೆ ಒಂದು ಚೂರು ಹಿಗ್ಗೂ ಇತ್ತು. ಇಂಥ ದಿನಕ್ಕೆಂದೇ ಅಲ್ಲವೇ ಇಷ್ಟು ಶುಕ್ರವಾರ ಒರೆಸಿದ್ದು! ಹಿತ್ತಲಿಗೆ ಓಡಿ ಕೀಲಿ ತಿರುಗಿಸಿದ. ಒಂದೇ ಏಟಿಗೆ ಎದ್ದಿತು. ಹಿಡಿ ತಿರುವಿದ. ಶೆಡ್ಡಿನ ದೀಪಗಳೆಲ್ಲ ಭಗ್ಗನೆ ಹತ್ತಿ, ಸೆಟ್ಟರುಗಳು ಹೂಂಕರಿಸಿ, ಹ್ಯಾಚರ್ ಫ್ಯಾನು ಜೋರಾಯಿತು.

"ಭಲೆ ನಮ್ಮ ತಮ್ಮ!" ಎಂದು ಗಂಟಲಮ್ಮ ಚಪ್ಪಾಳೆ ತಟ್ಟಿದಳು.

ಚಪ್ಪಾಳೆ ನಿಲ್ಲುವ ಮುಂಚೆಯೇ ದೀಪಗಳು ಹಳದಿಗೆ ತಿರುಗಿದವು. ಹಿತ್ತಲಲ್ಲಿ ಜನರೇಟರು ಕ್ಷಯ ಹಿಡಿದ ಮುದುಕನ ಹಾಗೆ ಕೆಮ್ಮಿತು, ಕಪ್ಪು ಹೊಗೆ ಕಾರಿತು, ಮೈ ಅದುರಿಸಿ ನಿಂತೇಹೋಯಿತು. ತಮ್ಮ ಮತ್ತೆ ಎಬ್ಬಿಸಿದ. ಮತ್ತೆ ಹೊರೆ ಹಾಕಿದ. ಮತ್ತೆ ಅದೇ ಕೆಮ್ಮು, ಅದೇ ಸಾವು. ಅಷ್ಟರಲ್ಲಿ ಬ್ಯಾಟರಿಯೂ ಕುಂಯ್ ಎಂದು ಕೈಚೆಲ್ಲಿತು.

ಮೆಕ್ಯಾನಿಕ್ ಫೋನು ಎತ್ತಿದ. ಅವನ ಹಿಂದೆ ನೂರೆಂಟು ಹಾರನ್ನುಗಳ ಗದ್ದಲ.

"ತಮ್ಮ ಸಾರ್, ಸಿಗ್ನಲ್ ಎಲ್ಲ ಆಫು, ನಡುರಸ್ತೇಲಿ ಸಿಕ್ಕಾಕ್ಕೊಂಡಿದ್ದೀನಿ. ಹೇಳಿ."

ತಮ್ಮ ಒಂದೇ ಉಸಿರಿಗೆ ಹೇಳಿದ.

"ಲೋಡ್ ಹಾಕಿ ಓಡಿಸಿದ್ದು ಯಾವಾಗ?"

"ವಾರಾ ವಾರಾ ಓಡಿಸ್ತೀನಿ ಕಣಯ್ಯ, ಒಂದು ವಾರಾನೂ ತಪ್ಪಿಸಿಲ್ಲ."

"ಓಡಿಸಿದ್ದಲ್ಲ ಸಾರ್, ಲೋಡ್ ಹಾಕಿದ್ದು."

"ಹಾಕೇ ಇಲ್ಲ ಕಣಯ್ಯ."

"ಹೋಯ್ತು ಬಿಡಿ," ಅಂದ ಮೆಕ್ಯಾನಿಕ್. "ಬರೀ ಓಡಿಸಿದ್ರೆ ಇಂಜಿನ್ ಕಾಯೋದೇ ಇಲ್ಲ. ಕುಡಿದ ಡೀಸೆಲ್ ಪೂರ್ತಿ ಉರಿಯಲ್ಲ, ಒಳಗೆಲ್ಲ ಮಸಿ ಕಟ್ಟುತ್ತೆ. ಕೊಳವೇಲಿ ಕಪ್ಪು ಜಿಡ್ಡು ಬರ್ತಿರಲಿಲ್ವಾ?"

ಬರುತ್ತಿತ್ತು. ವಾರ ವಾರ ಒರೆಸಿ ಥಳಥಳ ಇಟ್ಟಿದ್ದ.

"ಈಗೇನಯ್ಯ ಮಾಡ್ಲಿ?"

"ಎಲ್ಲಾ ಸ್ವಿಚ್ಚೂ ಇಳಿಸಿ. ಮೊದಲು ದೀಪ ಕೊಡಿ, ಆಮೇಲೆ ಒಂದು ಫ್ಯಾನು, ಆಮೇಲೆ ಪಂಪು. ತುತ್ತು ತುತ್ತಾಗಿ. ಕೆಮ್ಮುತ್ತೆ, ಉಗುಳುತ್ತೆ, ಹೆದರ್ಬೇಡಿ. ಕಾದು ಕಾದು ಮಸಿ ಸುಟ್ಕೊಂಡು ತಾನಾಗೇ ದಾರಿಗೆ ಬರುತ್ತೆ. ದೊಡ್ಡ ಮೆಷಿನ್ ಮಾತ್ರ ಅವಸರ ಮಾಡಿ ಹಾಕ್ಬೇಡಿ."

ದೊಡ್ಡ ಮೆಷಿನ್ ಅಂದರೆ ಹ್ಯಾಚರ್. ಅದರ ಫ್ಯಾನೂ ಕಾವಿನ ಕಾಯಿಲೂ ಒಂದೇ ಸ್ವಿಚ್ಚಿನ ಮೇಲೆ. ಅದು ಸರದಿಯಲ್ಲಿ ತೀರ ಹಿಂದೆ. ಸೆಟ್ಟರಿನಲ್ಲಿದ್ದ ಎಳೆ ಮೊಟ್ಟೆಗಳೇನೋ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತವೆ. ಹ್ಯಾಚರ್‌ನಲ್ಲಿದ್ದವು ಆಗಲೇ ಉಸಿರಾಡುವ ಮರಿಗಳು.

ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಅನ್ನುವುದು ಇದಕ್ಕೇ. ತಮ್ಮ ಜನರೇಟರಿಗೆ ದೀಪಗಳನ್ನು ಕೊಟ್ಟ, ಅದು ಗೊಣಗಿತು. ಮರಿಕೋಣೆಯ ಫ್ಯಾನು ಕೊಟ್ಟ. ಹೊಗೆಯುಗುಳಿತು, ಆದರೆ ಹಿಡಿದುಕೊಂಡಿತು. ಅದು ಹಿಡಿದುಕೊಂಡದ್ದೇ ಹ್ಯಾಚರ್‌ನ ಗಾಜಿಗೆ ಓಡಿದ.

ಒಳಗೆ ಹೆಚ್ಚಿನ ಮರಿಗಳು ಹೊರಬಂದಿದ್ದವು. ಟಾರ್ಚಿನ ಬೆಳಕಿನಲ್ಲಿ ಹಳದಿ ಉಂಡೆಗಳ ರಾಶಿ. ಆದರೆ ಯಾವುದೂ ಚಿಲಿಪಿಲಿಗುಟ್ಟುತ್ತಿರಲಿಲ್ಲ. ಎಲ್ಲವೂ ಕೊಕ್ಕು ತೆರೆದುಕೊಂಡು, ಒದ್ದೆ ರೆಕ್ಕೆಗಳನ್ನು ಎರಡೂ ಕಡೆ ಬಿಟ್ಟುಕೊಂಡು ಏದುಸಿರು ಬಿಡುತ್ತಿದ್ದವು. ತಮ್ಮ ಥರ್ಮಾಮೀಟರ್ ನೋಡಿದ. ಕರೆಂಟು ಹೋದರೆ ಕಾವು ಇಳಿಯಬೇಕಲ್ಲ? ಏರುತ್ತಿತ್ತು. ಅಷ್ಟು ಮೈಗಳು ಮುಚ್ಚಿದ ಪೆಟ್ಟಿಗೆಯಲ್ಲಿ ಒಂದನ್ನೊಂದು ಬೇಯಿಸುತ್ತಿದ್ದವು.

ಅಕ್ಕನಿಗೆ ಫೋನು ಮಾಡಿದ. ಸ್ವಿಚ್ ಆಫ್. ಅವಳು ಆಪರೇಷನ್ ಮೇಜಿನ ಮೇಲಿರಬೇಕು. ಸ್ವಿಚ್ ಆಫ್ ಎಂದು ಗೊತ್ತಿದ್ದೂ ಮತ್ತೊಮ್ಮೆ ಮಾಡಿದ. ಹುಟ್ಟಿದಾಗಿನಿಂದ ಯಾವುದನ್ನೂ ಅವಳನ್ನು ಕೇಳದೆ ಮಾಡಿದವನಲ್ಲ.

ಅವನ ಕೈ ಹ್ಯಾಚರ್‌ನ ಚಿಲಕಕ್ಕೆ ಹೋದದ್ದನ್ನು ಕಂಡು ಗಂಟಲಮ್ಮ ಎದ್ದು ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಬಾಗಿಲು ಮುಟ್ಬೇಡ ಅಂತ ಅಕ್ಕ ಬಡ್ಕೊಂಡಿಲ್ವಾ? ಕಾವು ಹೋಗುತ್ತೆ!"

"ಕಾವು ಹೋಗ್ಲಿ ಅಂತಾನೇ ತೆಗೀತಿರೋದು. ಒಳಗೆ ನೋಡು, ಬಾಯಿ ಬಿಡ್ತಿವೆ."

"ಹಸಿವಿಗಿರ್ಬೇಕು."

"ಹಸಿವಿಗೆ ಹಂಗೆ ರೆಕ್ಕೆ ಬಿಟ್ಕೊಂಡು ಬೀಳ್ತಾವಾ?"

"ಇನ್ನೂ ಚಿಪ್ಪೊಳಗಿರೋವು ಇದಾವಲ್ಲೋ! ಗಾಳಿ ಬಿದ್ರೆ ಅವು ಸತ್ತಂಗೇ."

ಅದೂ ನಿಜವೇ. ಬಾಗಿಲು ತೆಗೆದರೆ ತೇವ ಹಾರಿಹೋಗುತ್ತದೆ, ಚಿಪ್ಪಿನೊಳಗಿನ ಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ, ಅರ್ಧ ಒಡೆದ ಮರಿ ಅಲ್ಲೇ ಸಿಕ್ಕಿಕೊಂಡು ಸಾಯುತ್ತದೆ. ಅಕ್ಕನ ಕಟ್ಟಳೆ ಹುಟ್ಟಿದ್ದೇ ಅದಕ್ಕೆ. ತೆಗೆಯದಿದ್ದರೆ ಎಲ್ಲವೂ ಹೋಗುತ್ತವೆ. ತೆಗೆದರೆ ಕೆಲವನ್ನು ಅವನೇ ಕೈಯಾರೆ ಕೊಂದ ಹಾಗೆ. ಅತ್ತ ದರಿ, ಇತ್ತ ಪುಲಿ. ಸುಮ್ಮನಿದ್ದರೆ ಕರೆಂಟಿನವರ ಮೇಲೆ ತಪ್ಪು ಹೊರಿಸಬಹುದು, 'ನೀನು ಹೇಳಿದ ಹಾಗೆ ಮಾಡಿದೆ ಅಕ್ಕಾ' ಎಂದು ಕೈ ತೊಳೆದುಕೊಳ್ಳಬಹುದು. ಆ ಆಸೆ ಅವನನ್ನು ಒಂದು ಗಳಿಗೆ ಗಟ್ಟಿಯಾಗಿಯೇ ಹಿಡಿಯಿತು. ಗಾಜಿನ ಹತ್ತಿರದ ಒಂದು ಮರಿ ಪಕ್ಕಕ್ಕೆ ಒರಗಿ, ಕಾಲು ಚಾಚಿತು.

"ಬೈಸ್ಕೊಳೋನು ನಾನು. ಸರ್ಕೊಳ್ಳಮ್ಮ."

"ಅಕ್ಕ ಬಂದ್ರೆ..."

"ಅಕ್ಕ ಇಲ್ಲ ಇವಾಗ! ನಾನಿದ್ದೀನಿ! ಸರ್ಕೋ ಅಂದೆ!"

ಆ ದನಿ ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ. ಗಂಟಲಮ್ಮನಂಥ ಗಂಟಲಮ್ಮ ತುಟಿ ಹೊಲಿದುಕೊಂಡು ಪಕ್ಕಕ್ಕೆ ಸರಿದಳು. ಬಾಗಿಲು ತೆಗೆದ ಕೂಡಲೇ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಇಬ್ಬರೂ ಟ್ರೇ ಟ್ರೇಯಾಗಿ ಎಳೆದು, ಮರಿಗಳನ್ನು ಮರಿಕೋಣೆಗೆ ಹೊತ್ತು, ಫ್ಯಾನಿನ ಕೆಳಗೆ ಕಾಗದ ಹಾಸಿದ ಡಬ್ಬಗಳಿಗೆ ಇಳಿಸಿದರು. ಒಡೆಯದ ಮೊಟ್ಟೆಗಳನ್ನು ಬೇರೆ ಮಾಡಿ, ಬೆಚ್ಚನೆಯ ನೀರಿನಲ್ಲಿ ಬಟ್ಟೆ ಹಿಂಡಿ ಹೊದಿಸಿದರು. ನಡುನಡುವೆ ತಮ್ಮ ಹಿತ್ತಲಿಗೆ ಓಡಿ ಜನರೇಟರಿಗೆ ಇನ್ನೊಂದು ತುತ್ತು ಹೊರೆ ಕೊಟ್ಟು ಬರುತ್ತಿದ್ದ. ಪಂಪು ಕೊಟ್ಟ. ಒಂದು ಸೆಟ್ಟರು ಕೊಟ್ಟ. ಇಂಜಿನ್ನು ನಡುಗಿತು, ಇನ್ನೇನು ಸತ್ತಿತು ಎನ್ನುವಾಗ ಕಿಡಿ ಉಗುಳಿ ಸುಧಾರಿಸಿಕೊಂಡಿತು. ಅಂಗಿಯ ತುಂಬ ಮಸಿ, ಕೂದಲಿನಲ್ಲಿ ಚಿಪ್ಪು, ಅವನು ಯಾವುದನ್ನೂ ಗಮನಿಸಲಿಲ್ಲ. ಮರಿಕೋಣೆಯಿಂದ ಮೊದಲ ಚಿಲಿಪಿಲಿ ಕೇಳಿಸಿದಾಗ ಗೋಡೆಗೆ ಹಣೆ ಇಟ್ಟು ನಿಂತು ಅತ್ತುಬಿಟ್ಟ. ಅಳುವುದಕ್ಕೂ ಪುರುಸೊತ್ತಿರಲಿಲ್ಲ, ಮುಖ ಒರೆಸಿಕೊಂಡು ಮತ್ತೆ ಓಡಿದ.

ಬಿಸಿಲು ಇಳಿಯುವ ಹೊತ್ತಿಗೆ ಅಕ್ಕನ ಆಟೋ ಬಂತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು. ಬಗ್ಗಬೇಡಿ, ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಗೋಡೆ ತಡವಿಕೊಂಡು ಬಂದವಳು ನೇರ ಹ್ಯಾಚರ್ ಹತ್ತಿರ ಹೋಗಿ ಕೈ ಚಾಚಿದಳು. ಬಾಗಿಲು ಇರಬೇಕಾದ ಜಾಗದಲ್ಲಿ ಕೈ ಗಾಳಿಯಲ್ಲಿ ಆಡಿತು.

"ಬಾಗಿಲು ತೆಗ್ದಿದ್ದು ಯಾರು?"

ಗಂಟಲಮ್ಮ ಡಬ್ಬದೊಳಗೆ ಮುಖ ಹುದುಗಿಸಿದಳು.

"ನಾನೇ," ಅಂದ ತಮ್ಮ.

"ಹೇಳಿದ್ನಲ್ಲೋ! ಕಿವಿ ಹಿಡಿದು ಹೇಳಿ ಹೋಗಿದ್ನಲ್ಲೋ! ಚಿಪ್ಪೊಳಗಿದ್ದವು?"

"ಒಂದಿಷ್ಟು ಹೋಗಿವೆ. ಒಂದಿಷ್ಟು ಗೊತ್ತಿಲ್ಲ. ಹೊರಗೆ ಬಂದಿದ್ದವು ಉಳಿದಿವೆ, ನಾಲ್ಕೈದು ಬಿಟ್ಟು. ತೆಗೀದಿದ್ರೆ ಒಂದೂ ಇರ್ತಿರಲಿಲ್ಲ."

"ಜನರೇಟರ್ ಇತ್ತಲ್ಲ? ವಾರ ವಾರ ಪೂಜೆ ಮಾಡ್ತಿದ್ದೆ!"

"ಹೂಂ, ಮಾಡ್ತಿದ್ದೆ. ಓಡಿಸ್ತಿದ್ದೆ, ಒರೆಸ್ತಿದ್ದೆ, ಮಲಗಿಸ್ತಿದ್ದೆ. ಒಂದು ದಿನಾನಾದ್ರೂ ಭಾರ ಹಾಕೋಕೆ ಬಿಟ್ಟೆಯಾ ನೀನು?" ತಮ್ಮನ ದನಿ ಏರಿತು. "ಅದಕ್ಕೂ ಹಾಕ್ಲಿಲ್ಲ, ನನಗೂ ಹಾಕ್ಲಿಲ್ಲ. ಅಂಗಿ ಗುಂಡಿ ಹಾಕ್ಕೋ, ಬಾಗಿಲು ಮುಟ್ಬೇಡ, ಇದೇ ಆಯ್ತು. ಇವತ್ತು ಎಷ್ಟು ಹೆದರಿದ್ದೆ ಗೊತ್ತಾ ನಿನಗೆ? ಆ ಮ್ಯಾನೇಜರ್‌ನ ಕರೀಬೇಕಾ, ಕರಿ. ನೀರೂ ನಾನೇ ಕೊಡ್ತೀನಿ. ಆದ್ರೆ ಇವತ್ತಿನ ಮರಿ ಇಳಿಸಿದ್ದು ನಾನು."

ಇಷ್ಟು ಹೇಳಿ ಏನಾದರೂ ಬರುತ್ತದೆ ಎಂದು ಕಾದ, ಬೈಗುಳವೋ ಕಪಾಳಕ್ಕೆ ಏಟೋ. ಅಕ್ಕ ಮರಿಕೋಣೆಯ ಬಾಗಿಲಿಗೆ ಹೋಗಿ, ಒಳಗಿನ ಗದ್ದಲಕ್ಕೆ ಕಿವಿ ಕೊಟ್ಟು ಬಹಳ ಹೊತ್ತು ನಿಂತಳು. ಆಮೇಲೆ ಒಂದು ಕುರ್ಚಿ ತಡವಿಕೊಂಡು ಕೂತಳು. ಕೂತವಳು ಎದ್ದಳು. ಡಬ್ಬ ಎತ್ತಲು ಹೋದಳು. "ಭಾರ ಎತ್ಬಾರ್ದಂತಲ್ಲಕ್ಕಾ" ಎಂದು ಗಂಟಲಮ್ಮ ಕಿತ್ತುಕೊಂಡಳು. ನೀರಿನ ತಟ್ಟೆ ತೊಳೆಯಲು ಹೋದಳು, ಬಗ್ಗುವ ಹಾಗಿರಲಿಲ್ಲ. ಮತ್ತೆ ಕೂತಳು. ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು. ತಮ್ಮ ತನ್ನ ಪಾಡಿಗೆ ಓಡಾಡುತ್ತ, ಗಂಟಲಮ್ಮನಿಗೆ ಹೀಗೆ ಮಾಡು ಹಾಗೆ ಮಾಡು ಎನ್ನುತ್ತ, ಅವಳ ಮುಂದೆಯೇ ಹಾದು ಹೋಗುತ್ತಿದ್ದ.

"ತಮ್ಮಾ," ಅಂದಳು ಕಡೆಗೆ, "ನಾನೇನ್ ಮಾಡ್ಲೋ?"

ತಮ್ಮ ನಿಂತ. ಅವಳು ಹೀಗೆ ಕೇಳಲಿ ಎಂದು ಅವನು ಎಷ್ಟು ವರ್ಷ ಬಯಸಿದ್ದನೋ. ಕೇಳಿದಾಗ ಅವನಿಗೆ ಸಂತೋಷವೇನೂ ಆಗಲಿಲ್ಲ. ಆ ದನಿಯಲ್ಲಿ ಭಯವಿತ್ತು. ಎಲ್ಲರೂ ಕೆಲಸ ಮಾಡುತ್ತಿರುವಾಗ ಒಬ್ಬರೇ ಕೈಕಟ್ಟಿ ಕೂರುವುದು ಹೇಗಿರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಶೆಡ್ಡಿನಲ್ಲಿ ಯಾರೂ ಇರಲಿಲ್ಲ.

ಒದ್ದೆ ಬಟ್ಟೆ ಹೊದಿಸಿದ್ದ ಟ್ರೇ ತಂದು ಅವಳ ಮುಂದಿನ ಮೇಜಿನ ಮೇಲಿಟ್ಟ. ಒಂದು ಮೊಟ್ಟೆ ತೆಗೆದು ಅವಳ ಅಂಗೈಯಲ್ಲಿ ಇಟ್ಟ.

"ಇದರಲ್ಲಿ ಯಾವುದು ಬದುಕಿದೆ ಅಂತ ನನಗೆ ಗೊತ್ತಾಗ್ತಿಲ್ಲ. ನೀನು ಕಿವಿಗಿಟ್ಟು ಕೇಳು. ಬದುಕಿರೋದ್ರದ್ದು ಚಿಪ್ಪು ಬಿಡಿಸ್ಬೇಕು. ನಿನ್ನ ಕೈಯಷ್ಟು ಹಗುರ ಕೈ ನಮ್ಮಿಬ್ಬರದ್ದೂ ಅಲ್ಲ."

ಅಕ್ಕ ಮೊಟ್ಟೆಯನ್ನು ಕಿವಿಗೆ ಹಿಡಿದಳು. ಹುಬ್ಬು ಗಂಟಿಕ್ಕಿದಳು.

"ಈ ಗಲಾಟೇಲಿ ಏನ್ ಕೇಳಿಸುತ್ತೆ? ಆ ಜನರೇಟರ್ ಸ್ವಲ್ಪ ನಿಲ್ಸೋ."

"ನಿಲ್ಸಲ್ಲ ಅಕ್ಕಾ. ಇವಾಗ ತಾನೇ ದಾರಿಗೆ ಬಂದಿದೆ. ನೀನೇ ಒಳಗಿನ ರೂಮಿಗೆ ಹೋಗಿ ಕೂತ್ಕೋ."

ಅಕ್ಕ ತಲೆ ಎತ್ತಿ, ಕಾಣದ ಕಣ್ಣಿನಿಂದ ಅವನು ನಿಂತ ಕಡೆಗೆ ಒಮ್ಮೆ ನೋಡಿದಳು. ಆಮೇಲೆ ಎದ್ದಳು. ಗಂಟಲಮ್ಮ ಟ್ರೇ ಹಿಡಿದು ಮುಂದೆ ನಡೆದಳು, ಅಕ್ಕ ಅವಳ ಭುಜದ ಮೇಲೆ ಕೈ ಇಟ್ಟುಕೊಂಡು ಹಿಂದೆ ಹೋದಳು. ಬಾಗಿಲು ಮುಚ್ಚಿಕೊಂಡಿತು.

ತಮ್ಮ ಹಿತ್ತಲಲ್ಲಿ ಜನರೇಟರಿನ ಮೈಗೆ ಕೈಯಿಟ್ಟು ನೋಡುತ್ತಿದ್ದಾಗ ಒಳಗಿನಿಂದ ಕೂಗು ಕೇಳಿಸಿತು. ಗಂಟಲಮ್ಮನದಲ್ಲ. ಅಕ್ಕನದು, ಚಿಕ್ಕ ಹುಡುಗಿಯ ಹಾಗೆ.

"ತಮ್ಮಾ! ಇದೊಂದು ಬದುಕಿದೆ ಕಣೋ! ಬಾರೋ ಇಲ್ಲಿ!"

"ಬರೋಕಾಗಲ್ಲ ಅಕ್ಕಾ, ನೀನೇ ಬಿಡಿಸು!" ಎಂದು ಅವನು ಅಲ್ಲಿಂದಲೇ ಕೂಗಿ, ಕೊನೆಯ ಸೆಟ್ಟರಿನ ಸ್ವಿಚ್ಚು ಎತ್ತಿದ.